ಕಸೂತಿಯ ಕೈಗೊಂದು ಕಾಗದ

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಂಡಾಗಳಲ್ಲಿ ಕನ್ನಡಿ, ಕವಡೆ ಕೂರಿಸಿ ಲಂಬಾಣಿ ಕಸೂತಿ ಹಾಕುವ ಅಕ್ಕಂದಿರೇ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯಲ್ಲಿ ಕೌದಿ ಹೊಲಿಯುವ ಅವ್ವಂದಿರೇ, ನಿಮ್ಮ ಕೆಲಸವನ್ನು ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ‘ಉದ್ಯಮ್’ ಪೋರ್ಟಲ್‌ನಲ್ಲಿ ನೋಂದಾಯಿಸಿ. 2020ರ ಜುಲೈ 1ರಿಂದ ಇರುವ ಈ ನೋಂದಣಿಗೆ ಒಂದು ಪೈಸೆಯೂ ಶುಲ್ಕವಿಲ್ಲ. ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ, ಮುಚ್ಚಿಬಿಡಿ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ವಿವರ ಹತ್ತಿರವಿರಲಿ. ಆಧಾರ್‌ಗೆ ಜೋಡಿಸಿದ ಮೊಬೈಲೂ ಕೈಯಲ್ಲಿರಲಿ, ಒಟಿಪಿ ಬರುವುದು ಅದಕ್ಕೇ. ಮನೆಯ ವಿಳಾಸವನ್ನೇ ಘಟಕದ ವಿಳಾಸವಾಗಿ ಕೊಡಬಹುದು.

ನಮ್ಮ ಕಡೆಯದೇ ಒಂದು ತೊಡಕಿದೆ. ಹಳೆಯ ಕಾಗದಗಳಲ್ಲಿ ಬಳ್ಳಾರಿ ಎಂದಿರುತ್ತದೆ, ಹರಪನಹಳ್ಳಿಯವರಿಗೆ ದಾವಣಗೆರೆ ಎಂದೂ ಇರಬಹುದು. 2021ರಿಂದ ನಮ್ಮದು ವಿಜಯನಗರ ಜಿಲ್ಲೆ. ಆಧಾರ್‌ನಲ್ಲಿ ವಿಳಾಸ ಮೊದಲು ತಿದ್ದಿಸಿಕೊಂಡರೆ ಬ್ಯಾಂಕಿನಲ್ಲಿ ಅಲೆದಾಟ ತಪ್ಪುತ್ತದೆ.

ಇನ್ನೊಂದು ಮಾತು: ಸೂಜಿ ಹಿಡಿದವರು ನೀವು, ನೋಂದಣಿಯೂ ನಿಮ್ಮ ಹೆಸರಿನಲ್ಲೇ ಆಗಲಿ.