ಕಡಲು ದಾಟುವ ಹಣ್ಣಿಗೆ ತೋಟದಿಂದಲೇ ತಂಪು

ಬೆಂಗಳೂರಿನ ಯಡಿಯೂರಿನಿಂದ ಸಮುದ್ರವು ಪೂರ್ವದಲ್ಲಿ ಚೆನ್ನೈ ಕಡೆಗಾದರೂ ಅಷ್ಟೆ, ಪಶ್ಚಿಮದಲ್ಲಿ ಮಂಗಳೂರಿನ ಕಡೆಗಾದರೂ ಅಷ್ಟೆ, ಸುಮಾರು 350 ಕಿಲೋಮೀಟರು ದೂರ. ಆದರೂ ಅಲ್ಲಿನ ಹಣ್ಣಿನ ಅಂಗಡಿಗಳಲ್ಲಿ, ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಬಂದ ಪರದೇಶದ ಸೇಬು ಮತ್ತು ನ್ಯೂಜಿಲೆಂಡಿನ ಕಿವಿ ಹಣ್ಣು ಗಟ್ಟಿಯಾಗಿಯೇ ಕುಳಿತಿರುತ್ತವೆ. ಪಕ್ಕದಲ್ಲಿ ಕೋಲಾರದ ಕಡೆಯಿಂದ ಒಂದೇ ರಾತ್ರಿಯಲ್ಲಿ ಬಂದ ಬಾದಾಮಿ ಮಾವು ನಾಲ್ಕೈದು ದಿನಗಳಲ್ಲಿ ತೊಟ್ಟಿನ ಬಳಿ ಕಪ್ಪಾಗುತ್ತದೆ. ಪರದೇಶದ ಹಣ್ಣಿಗೆ ಏನೋ ಔಷಧಿ ಹಚ್ಚಿರುತ್ತಾರೆ ಎಂಬ ಮಾತನ್ನು ತಾವೂ ಕೇಳಿರಬಹುದು. ಸೇಬಿಗೆ ತೆಳುವಾಗಿ ಮೇಣ ಸವರುವುದುಂಟು. ಮುಖ್ಯ ಕಾರಣ ಅದಲ್ಲ. ಕೊಯ್ದ ದಿನದಿಂದ ಅಂಗಡಿಯವರೆಗೆ ಆ ಹಣ್ಣಿನ ತಂಪು ಎಲ್ಲಿಯೂ ಮುರಿದಿರುವುದಿಲ್ಲ.

ನಮ್ಮ ಹಣ್ಣನ್ನೂ ಹೀಗೆ ಕಳುಹಿಸಬಾರದೇಕೆ ಎಂಬ ಪ್ರಶ್ನೆ ಸಹಜ. 2025ರ ಜೂನ್ ತಿಂಗಳಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ, ಅಲ್ಲಿನ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ಶ್ರೀನಿವಾಸಪುರದ ಕಡೆಯ ಬೆಳೆಗಾರರು ಸಂಕಟಕ್ಕೆ ಸಿಲುಕಿದರು. ಒಂದೇ ಮಾರುಕಟ್ಟೆಯನ್ನು ನಂಬಿದರೆ ಆಗುವುದು ಇದೇ. ವಿಮಾನದ ಬಾಡಿಗೆಯನ್ನು ಹಣ್ಣಿನ ಬೆಲೆ ಎಲ್ಲ ಕಾಲಕ್ಕೂ ತಾಳುವುದಿಲ್ಲ. ಹಡಗಿನ ಬಾಡಿಗೆ ಅದರ ಒಂದು ಸಣ್ಣ ಪಾಲು ಮಾತ್ರ. ಆದರೆ ಹಡಗು ನಿಧಾನ. ಕೊಲ್ಲಿ ರಾಷ್ಟ್ರಗಳಿಗೆ ಒಂದು ವಾರದಿಂದ ಹತ್ತು ದಿನ, ಯುರೋಪಿಗೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಇದರಲ್ಲಿ ಬೇಸಾಯಗಾರನ ಪಾಲಿನ ಕೆಲಸವೇನೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪೆಟ್ಟಿಗೆ ಮಾಡುವ ಕೆಲಸ, ಮಾಡದ ಕೆಲಸ

ತಂಪಿನಲ್ಲಿ ಆಹಾರ ಸಾಗಿಸುವುದು ಹೊಸದಲ್ಲ. 1882ರಲ್ಲಿ ‘ಡನೆಡಿನ್’ ಎಂಬ ಹಾಯಿ ಹಡಗು ನ್ಯೂಜಿಲೆಂಡಿನಿಂದ ಸುಮಾರು ಐದು ಸಾವಿರ ಕುರಿಗಳ ಮಾಂಸವನ್ನು ಹೆಪ್ಪುಗಟ್ಟಿಸಿಕೊಂಡು 98 ದಿನಗಳಲ್ಲಿ ಲಂಡನ್ ತಲುಪಿತು. ಮಾಂಸ ಕೆಡಲಿಲ್ಲ. ಈಗ ಇಡೀ ಹಡಗಿನ ಬದಲು ಒಂದೊಂದು ಕಂಟೇನರಿಗೂ ಅದರದೇ ತಂಪಿನ ಯಂತ್ರವಿರುತ್ತದೆ. ಇದನ್ನು ರೀಫರ್ ಕಂಟೇನರ್ ಎನ್ನುತ್ತಾರೆ. ರಸ್ತೆಯಲ್ಲಿ ಜನರೇಟರಿನಿಂದ, ಬಂದರಿನಲ್ಲಿಯೂ ಹಡಗಿನಲ್ಲಿಯೂ ಅಲ್ಲಿನ ವಿದ್ಯುತ್ತಿನಿಂದ ಅದು ನಡೆಯುತ್ತದೆ.

ಮಾಂಸಕ್ಕೂ ಹಣ್ಣಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮಂಗಳೂರಿನ ಕಡೆಯಿಂದ ಹೊರದೇಶಕ್ಕೆ ಹೋಗುವ ಹೆಪ್ಪುಗಟ್ಟಿಸಿದ ಮೀನನ್ನು ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಇಡುತ್ತಾರೆ. ಅದಕ್ಕೆ ಉಸಿರಾಟವಿಲ್ಲ, ಪೆಟ್ಟಿಗೆಗಳನ್ನು ಸಂದಿಲ್ಲದಂತೆ ಒತ್ತಾಗಿ ಜೋಡಿಸಿ ಸುತ್ತಲೂ ತಂಪು ಗಾಳಿ ಹರಿಸಿದರೆ ಸಾಕು. ಹಣ್ಣು ಕೊಯ್ದ ಮೇಲೂ ಉಸಿರಾಡುತ್ತದೆ, ಶಾಖ ಬಿಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಸುಮಾರು ಎರಡು ಮೂರು ಪಟ್ಟು ಹೆಚ್ಚುತ್ತದೆ. ಆದ್ದರಿಂದ ತಂಪು ಗಾಳಿಯು ಹಣ್ಣಿನ ಪೆಟ್ಟಿಗೆಗಳ ಒಳಗೇ ನುಗ್ಗಿ ಹೋಗಬೇಕು. ಕಂಟೇನರಿನ ನೆಲದಲ್ಲಿ ಉದ್ದಕ್ಕೂ ಸಾಲುಗಳಿವೆ. ಗಾಳಿ ಅದರೊಳಗೆ ಹರಿದು, ಪೆಟ್ಟಿಗೆಗಳ ತೂತಿನ ಮೂಲಕ ಮೇಲೇರಿ, ಚಾವಣಿಯ ಕೆಳಗಿನಿಂದ ಯಂತ್ರಕ್ಕೆ ಮರಳುತ್ತದೆ. ಬಾಗಿಲ ಬಳಿ ನೆಲವನ್ನು ಮುಚ್ಚದೆ ಬಿಟ್ಟರೆ, ಒಡ್ಡು ಒಡೆದ ಕಡೆ ನಾಲೆಯ ನೀರು ಹರಿದುಹೋಗುವಂತೆ ಗಾಳಿಯೆಲ್ಲ ಅಲ್ಲಿಯೇ ಸೋರಿಹೋಗುತ್ತದೆ. ಕೊನೆಯ ಗದ್ದೆಗೆ ನೀರು ಸಿಗದ ಕಷ್ಟ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಯಂತ್ರವನ್ನು ರಚಿಸಿರುವುದು ತಂಪಾದ ಹಣ್ಣನ್ನು ತಂಪಾಗಿ ಉಳಿಸಲು, ಬಿಸಿ ಹಣ್ಣನ್ನು ತಂಪು ಮಾಡಲು ಅಲ್ಲ. ಒಂದು ಲೆಕ್ಕ ನೋಡಿರಿ. 16 ಟನ್ ಮಾವು 32 ಡಿಗ್ರಿಯಲ್ಲಿ ಬಂದಿದೆ, ಅದನ್ನು 13 ಡಿಗ್ರಿಗೆ ಇಳಿಸಬೇಕು ಎಂದುಕೊಳ್ಳೋಣ. ಒಂದು ಕಿಲೋ ಹಣ್ಣನ್ನು ಒಂದು ಡಿಗ್ರಿ ಇಳಿಸಲು ಸುಮಾರು 0.9 ಕಿಲೋ ಕ್ಯಾಲೊರಿ ಶಾಖ ತೆಗೆಯಬೇಕು. ಒಟ್ಟು ಸುಮಾರು 2,73,600 ಕಿಲೋ ಕ್ಯಾಲೊರಿ ಆಗುತ್ತದೆ. ಇದು ಸುಮಾರು 3.4 ಟನ್ ಮಂಜುಗಡ್ಡೆ ಕರಗುವಾಗ ಹೀರುವ ಶಾಖಕ್ಕೆ ಸಮ! ಜೊತೆಗೆ ಹಣ್ಣು ತಾನೇ ಬಿಡುವ ಶಾಖ ಬೇರೆ. ಕಂಟೇನರು ಈ ಹೊರೆಯನ್ನು ಇಳಿಸಲು ದಿನಗಟ್ಟಲೆ ಹೆಣಗುತ್ತದೆ. ಅಷ್ಟರಲ್ಲಿ ನಡುವಿನ ಪೆಟ್ಟಿಗೆಗಳ ಕಾಯಿ ಹಣ್ಣಾಗತೊಡಗಿರುತ್ತದೆ. ಆದಕಾರಣ ತುಂಬುವ ಮೊದಲೇ ಪ್ಯಾಕ್‌ಹೌಸಿನಲ್ಲಿ ರಭಸದ ತಂಪು ಗಾಳಿ ಹಾಯಿಸಿ ಹಣ್ಣಿನ ಒಳಗಿನ ಉಷ್ಣತೆಯನ್ನು ಇಳಿಸಬೇಕು. ಕೋಣೆಯ ಗೋಡೆಗೆ ತೂಗುಹಾಕಿದ ಉಷ್ಣಮಾಪಕವನ್ನು ನಂಬಬೇಡಿರಿ, ತಿರುಳಿಗೆ ಚುಚ್ಚಿ ನೋಡುವ ಮಾಪಕವನ್ನು ನಂಬಿರಿ.

ಹೆಚ್ಚು ತಂಪೂ ಕೇಡು

ದ್ರಾಕ್ಷಿಯನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಡಬಹುದು. ದಾಳಿಂಬೆಗೆ 5 ಡಿಗ್ರಿಗಿಂತ ಕೆಳಗೆ ಬೇಡ. ಬಾಳೆಗೆ 13ರಿಂದ 14, ಮಾವಿಗೆ 12ರಿಂದ 13 ಡಿಗ್ರಿ ಬೇಕು. ಹೆಚ್ಚು ತಂಪಾದರೆ ಹೆಚ್ಚು ದಿನ ಉಳಿಯುತ್ತದೆಂದು ಮಾವನ್ನು 5 ಡಿಗ್ರಿಯಲ್ಲಿ ಇಟ್ಟರೆ ಅದಕ್ಕೆ ಶೀತದ ಪೆಟ್ಟು ಬೀಳುತ್ತದೆ. ಸಿಪ್ಪೆ ಬೂದು ಬಣ್ಣಕ್ಕೆ ತಿರುಗಿ ಗುಳಿ ಬೀಳುತ್ತದೆ, ಕಾಯಿ ಸರಿಯಾಗಿ ಮಾಗುವುದಿಲ್ಲ, ರುಚಿ ಬರುವುದಿಲ್ಲ. ಕಂಟೇನರು ತೆರೆದಾಗ ಹಣ್ಣು ಚೆನ್ನಾಗಿಯೇ ಕಾಣಬಹುದು. ಅಂಗಡಿಯ ಬಿಸಿಗೆ ಬಂದ ಎರಡು ಮೂರು ದಿನದ ಮೇಲೆ ಪೆಟ್ಟು ಹೊರಬೀಳುತ್ತದೆ. ಈ ಕಾರಣದಿಂದಲೇ ಮಾವು ದ್ರಾಕ್ಷಿಗಳನ್ನು ಒಂದೇ ಕಂಟೇನರಿನಲ್ಲಿ ಕಳುಹಿಸಬಾರದು.

ತೋಟದಲ್ಲಿ ಮಾಡಬೇಕಾದದ್ದು

ದೂರದ ಹಡಗಿಗೆ ಪೂರ್ತಿ ಬಲಿತ, ಆದರೆ ಹಣ್ಣಾಗಲು ತೊಡಗದ ಕಾಯಿಯೇ ಬೇಕು. ಎಳಸು ಕಾಯಿ ಬೇಗ ಸುಕ್ಕಾಗುತ್ತದೆ, ಎಂದಿಗೂ ಸಿಹಿಯಾಗದು. ತೊಟ್ಟಿನ ಎರಡು ಕಡೆ ಭುಜಗಳು ಎದ್ದಿವೆಯೇ ನೋಡಿರಿ. ಮಾದರಿಗೆ ಹತ್ತು ಕಾಯಿಗಳನ್ನು ನೀರಿನ ತೊಟ್ಟಿಗೆ ಹಾಕಿರಿ. ಬಲಿತದ್ದು ಮುಳುಗುತ್ತದೆ, ಎಳಸು ತೇಲುತ್ತದೆ. ಬೆಳಗಿನ ತಂಪಿನಲ್ಲಿ ತೊಟ್ಟು ಸಮೇತ ಕೊಯ್ದು, ಆಮೇಲೆ ನೆರಳಿನಲ್ಲಿ ತೊಟ್ಟು ಕತ್ತರಿಸಿ, ಕಾಯಿಯನ್ನು ತಲೆಕೆಳಗಾಗಿಟ್ಟು ಸೊನೆ ಇಳಿಸಬೇಕು. ಸೊನೆ ತಾಗಿದ ಸಿಪ್ಪೆ ಸುಟ್ಟಂತೆ ಕಪ್ಪಾಗುತ್ತದೆ. ಕೊಂಬೆ ಅಲ್ಲಾಡಿಸಿ ಉದುರಿಸಿದ ಕಾಯಿ ಎಷ್ಟೇ ಅಂದವಾಗಿ ಕಂಡರೂ ಹಡಗಿಗೆ ಸಲ್ಲದು.

ಚಿಬ್ಬು ರೋಗದ ಶಿಲೀಂಧ್ರವು ತೋಟದಲ್ಲೇ ಎಳೆ ಕಾಯಿಯೊಳಗೆ ಸೇರಿ, ಕಾಯಿ ಮಾಗುವವರೆಗೂ ಸುಮ್ಮನಿರುತ್ತದೆ. ಅದನ್ನು ತಂಪು ತಡೆಹಿಡಿಯುತ್ತದೆಯೇ ಹೊರತು ಕೊಲ್ಲುವುದಿಲ್ಲ. ಒಣಗಿದ ಕೊಂಬೆಗಳನ್ನು ಸವರಿ ತೆಗೆಯುವುದು, ಬಿದ್ದ ಹಣ್ಣು ಆರಿಸಿ ಹೂಳುವುದು ಹಳೆಯ ಸಲಹೆಗಳೇ ಆದರೂ ಇಲ್ಲಿ ಅವಕ್ಕೆ ಬೆಲೆ ಬರುತ್ತದೆ. ಬಿದ್ದ ಹಣ್ಣಿನಲ್ಲಿ ಹಣ್ಣುನೊಣವೂ ಬೆಳೆಯುತ್ತದೆ. ಈ ನೊಣ ಸಿಕ್ಕಿದ್ದರಿಂದಲೇ ಯುರೋಪು 2014ರಲ್ಲಿ ನಮ್ಮ ದೇಶದ ಮಾವನ್ನು ನಿಷೇಧಿಸಿತ್ತು. 2015ರಲ್ಲಿ ನಿಷೇಧ ತೆರವಾಯಿತು. ಸಿಂಪರಣೆಯ ಲೆಕ್ಕವನ್ನೂ ದಿನಾಂಕದೊಡನೆ ಬರೆದಿಡಬೇಕು. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಕಂಡುಬಂದು ಬೆಳೆಗಾರರು ಬಹಳ ನಷ್ಟ ಅನುಭವಿಸಿದರು.

ಯಾರಿಗೆ ತಕ್ಕದ್ದು?

ಎಲ್ಲರೂ ಹಡಗಿನ ಹಿಂದೆ ಬೀಳಬೇಕೆಂದು ನಾನು ಹೇಳಲಾರೆ. ತೋತಾಪುರಿಯ ತಿರುಳನ್ನು ಸೂಕ್ಷ್ಮಾಣು ಸೇರದಂತೆ ಮುಚ್ಚಿ ತುಂಬಿದರೆ ತಂಪಿಲ್ಲದ ಕಂಟೇನರಿನಲ್ಲೇ ಕಳುಹಿಸಬಹುದು. ಅದಕ್ಕೆ ರೀಫರಿನ ಖರ್ಚು ವ್ಯರ್ಥ. ಬಾದಾಮಿಯಂತಹ ತಿನ್ನುವ ಹಣ್ಣಿಗೆ ಕೊಲ್ಲಿಯ ದಾರಿಯೇ ಮೊದಲ ಮೆಟ್ಟಿಲಾಗಲಿ. ಯುರೋಪಿನ ದಾರಿಯಲ್ಲಿ ಉಳಿತಾಯದ ದಿನಗಳೇ ಇರುವುದಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಮೊದಲಾದಾಗ, ಅನೇಕ ಹಡಗುಗಳು ಆಫ್ರಿಕವನ್ನು ಬಳಸಿಕೊಂಡು ಹೋಗಿ ಹತ್ತಾರು ದಿನ ತಡವಾದವು. ಮೂರು ವಾರ ಬಾಳುವ ಹಣ್ಣು ಅಂತಹ ತಡವನ್ನು ತಾಳದು.

ಸಣ್ಣ ಬೆಳೆಗಾರನೊಬ್ಬನಿಂದ ಒಂದು ಕಂಟೇನರು ತುಂಬುವುದಿಲ್ಲ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತೆಂಬುದು ಹಲವರಿಗೆ ತಿಳಿದಿರಬಹುದು. ಅದೇ ರೀತಿ ಇಪ್ಪತ್ತು ಮೂವತ್ತು ಮಂದಿ ಸೇರಿ ಒಂದೇ ತಳಿಯನ್ನು ಒಂದೇ ಬಲಿತದಲ್ಲಿ ಕೊಯ್ಯುವುದಾದರೆ ಮಾತ್ರ ವ್ಯಾಪಾರಿಯ ಬಳಿ ಹೋಗಬೇಕು. ಬೆಲೆ ತೋಟದ ಬಾಗಿಲಲ್ಲೋ, ಹೊರದೇಶದಲ್ಲಿ ಮಾರಿದ ಮೇಲೋ ಎಂಬುದನ್ನು ಕರಾರಿನಲ್ಲಿ ಬರೆಯಿಸಿರಿ. ಎರಡನೆಯ ಬಗೆಯಲ್ಲಿ ದಾರಿಯ ನಷ್ಟವೆಲ್ಲ ತಮ್ಮ ತಲೆಗೇ ಬರುತ್ತದೆ. ಪೆಟ್ಟಿಗೆಗಳ ನಡುವೆ ಉಷ್ಣತೆ ದಾಖಲಿಸುವ ಸಣ್ಣ ಯಂತ್ರ ಇಡಿಸಿ, ಅದರ ದಾಖಲೆಯ ಪ್ರತಿಯೂ ತಮಗೆ ಸಿಗುವಂತೆ ಷರತ್ತು ಹಾಕಿರಿ. ಹಣ್ಣು ಕೊಳೆತದ್ದು ಯಂತ್ರ ನಿಂತದ್ದರಿಂದಲೋ ತೋಟದ ರೋಗದಿಂದಲೋ ಎಂದು ತಿಳಿಯಲು ಅದು ನೆರವಾಗುತ್ತದೆ.

ಮೊದಲ ವರ್ಷ ಹಡಗಿಗೆ ಮುನ್ನ ಒಂದು ಪರೀಕ್ಷೆ ಮಾಡಿರಿ. ತಮ್ಮ ತೋಟದ ನಾಲ್ಕು ಪೆಟ್ಟಿಗೆ ಕಾಯಿಯನ್ನು 13 ಡಿಗ್ರಿಯ ಶೈತ್ಯಾಗಾರದಲ್ಲಿ, ಹಡಗು ಹಿಡಿಯುವಷ್ಟು ದಿನ ಇಟ್ಟು, ಹೊರತೆಗೆದು ಐದು ದಿನ ಕೋಣೆಯಲ್ಲಿ ಮಾಗಿಸಿ, ನೂರಕ್ಕೆ ಎಷ್ಟು ಕೊಳೆತವೆಂದು ಎಣಿಸಿರಿ. ನೂರಕ್ಕೆ ಹತ್ತು ದಾಟಿದರೆ ಆ ವರ್ಷದ ಹಣ್ಣನ್ನು ಬೆಂಗಳೂರಿನ ಮಾರುಕಟ್ಟೆಗೇ ಕಳುಹಿಸಿರಿ.