ಬಾವಿಗೆ ವಿಷ ಹಾಕಿದವರು ಯಾರು?



ಮಲೇರಿಯಾ ಎಂಬ ಹೆಸರು ನಮಗೆಲ್ಲರಿಗೂ ಗೊತ್ತು. ಸೊಳ್ಳೆ ಕಚ್ಚಿದರೆ ಬರುತ್ತದೆ ಅಂತ ಶಾಲೆಗೆ ಹೋಗುವ ಮಗು ಕೂಡ ಹೇಳುತ್ತದೆ. ಆದರೆ ಆ ಹೆಸರಿನ ಅರ್ಥ ಏನು ಗೊತ್ತೇ? ಇಟಲಿಯ ಭಾಷೆಯಲ್ಲಿ 'ಕೆಟ್ಟ ಗಾಳಿ' ಅಂತ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿ ಕುಡಿದರೆ ಚಳಿಜ್ವರ ಬರುತ್ತದೆ ಎಂದು ಅಲ್ಲಿಯವರು ನೂರಾರು ವರ್ಷ ನಂಬಿದ್ದರು. ಇನ್‌ಫ್ಲುಯೆಂಜಾ ಎಂಬ ಹೆಸರೂ ಅಲ್ಲಿಯದೇ, ನಕ್ಷತ್ರಗಳ 'ಪ್ರಭಾವ' ಎಂಬ ಅರ್ಥದ್ದು. ನಂಬಿಕೆ ಹೋಯಿತು, ಹೆಸರು ಉಳಿಯಿತು.

ಸುಮಾರು 700 ವರ್ಷಗಳ ಹಿಂದೆ, ಮಧ್ಯಯುಗದ ಯುರೋಪಿನಲ್ಲಿ, ಜನ ರೋಗಕ್ಕೆ ಕಾರಣ ಏನೆಂದು ತಿಳಿದಿದ್ದರು, ತಡೆಯಲು ಏನೇನು ಮಾಡಿದರು ಎಂಬುದನ್ನು ಈ ಸಲದ ಪಾಠದಲ್ಲಿ ನೋಡೋಣ. ನಗುವುದಕ್ಕಲ್ಲ. ಅವರು ಮಾಡಿದ ಕೆಲವು ಕೆಲಸಗಳನ್ನು ನಾವು ಇವತ್ತಿಗೂ ಮಾಡುತ್ತೇವೆ. ಇನ್ನು ಕೆಲವು ಕೆಲಸಗಳು ಹೇಳುವುದಕ್ಕೂ ಬಾಯಿ ಬಾರದಂಥವು.

ಗ್ರಹಗಳು, ಗಾಳಿ, ಮೈಯ ರಸಗಳು

1347ರ ಅಕ್ಟೋಬರ್‌ನಲ್ಲಿ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಬಂದರಿಗೆ ಕಪ್ಪು ಸಮುದ್ರದ ಕಡೆಯಿಂದ ಹಡಗುಗಳು ಬಂದವು. ಅವುಗಳ ಜೊತೆ ಪ್ಲೇಗ್ ಬಂತು. ಜ್ವರ, ಕಂಕುಳಲ್ಲಿ ಮತ್ತು ತೊಡೆಸಂದಿನಲ್ಲಿ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. 1351ರ ಹೊತ್ತಿಗೆ ಯುರೋಪಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನ ಸತ್ತರು ಎಂದು ಲೆಕ್ಕ ಹಾಕುತ್ತಾರೆ. ನಿಮ್ಮ ಸಂಘದ 20 ಜನರಲ್ಲಿ 7ರಿಂದ 10 ಜನ ಇಲ್ಲವಾದರೆ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ.

ಕಾರಣ ಏನು ಅಂತ ಫ್ರಾನ್ಸಿನ ರಾಜ ಆರನೇ ಫಿಲಿಪ್, ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯ ಪಂಡಿತರನ್ನು ಕೇಳಿದ. 1348ರ ಅಕ್ಟೋಬರ್‌ನಲ್ಲಿ ಅವರು ವರದಿ ಕೊಟ್ಟರು. 1345ರ ಮಾರ್ಚ್ ತಿಂಗಳಲ್ಲಿ ಶನಿ, ಗುರು, ಮಂಗಳ ಮೂರೂ ಗ್ರಹಗಳು ಕುಂಭ ರಾಶಿಯಲ್ಲಿ ಕೂಡಿದವು, ಅದರಿಂದ ನೆಲ ನೀರುಗಳಿಂದ ಕೆಟ್ಟ ಆವಿ ಎದ್ದು ಗಾಳಿ ವಿಷವಾಯಿತು, ಅದನ್ನು ಉಸಿರಾಡಿದವರಿಗೆ ರೋಗ ಬಂತು ಎಂಬುದು ಅದರ ಸಾರ. ಬರೆದವರು ಹಳ್ಳಿಯ ಮಂತ್ರವಾದಿಗಳಲ್ಲ, ಆ ಕಾಲದ ಅತಿ ದೊಡ್ಡ ಓದುಗಾರರು!

ಮೈಯಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆ, ಅವುಗಳ ತೂಕ ತಪ್ಪಿದರೆ ಕಾಯಿಲೆ ಎಂಬ ಗ್ರೀಕರ ಹಳೆಯ ಮಾತನ್ನೂ ಅವರು ನಂಬಿದ್ದರು. ವಾತ, ಪಿತ್ತ, ಕಫ ಎಂದು ಕೇಳಿ ಬೆಳೆದ ನಮಗೆ ಇದು ತೀರಾ ಹೊಸದಲ್ಲ. ರಸ ಹೆಚ್ಚಾದರೆ ಹೊರಗೆ ತೆಗೆಯಬೇಕು. ಹಾಗಾಗಿ ನರ ಕುಯ್ದು ರಕ್ತ ಬಿಡುತ್ತಿದ್ದರು. ಜ್ವರದಿಂದ ಸೋತವನ ಮೈಯಿಂದ ಇನ್ನಷ್ಟು ರಕ್ತ ತೆಗೆದರೆ ಏನಾಗುತ್ತದೆ, ನೀವೇ ಹೇಳಿ.

ತಡೆಯುವ ಉಪಾಯಗಳೂ ಹೀಗೆಯೇ ಇದ್ದವು. ಗಾಳಿ ಕೆಟ್ಟಿದೆ ಅಂದಮೇಲೆ ಅದನ್ನು ಸರಿಮಾಡಬೇಕಲ್ಲ? ಮನೆಯಲ್ಲಿ ಪರಿಮಳದ ಕಟ್ಟಿಗೆ, ಸೊಪ್ಪು ಸುಡುತ್ತಿದ್ದರು. ನೆಲಕ್ಕೆ ವಿನೆಗರ್ ಚಿಮುಕಿಸುತ್ತಿದ್ದರು. ಸುಗಂಧದ ಉಂಡೆಯನ್ನು ಕೈಯಲ್ಲಿ ಹಿಡಿದು ಮೂಸುತ್ತಾ ಬೀದಿಗೆ ಹೋಗುತ್ತಿದ್ದರು. ಬಿಸಿನೀರಿನ ಸ್ನಾನ ಮಾಡಿದರೆ ಚರ್ಮದ ರಂಧ್ರ ತೆರೆದು ಕೆಟ್ಟ ಗಾಳಿ ಒಳಗೆ ಹೋಗುತ್ತದೆ, ಆದ್ದರಿಂದ ಸ್ನಾನವೇ ಬೇಡ ಅಂತಲೂ ಹೇಳಿದರು. (ಕೊಕ್ಕಿನ ಮುಖವಾಡ ಹಾಕಿದ ವೈದ್ಯರ ಚಿತ್ರವನ್ನು ಪುಸ್ತಕದಲ್ಲೋ ಟಿವಿಯಲ್ಲೋ ಕೆಲವರು ನೋಡಿರಬಹುದು. ಅದು ಈ ಕಾಲದ್ದಲ್ಲ, 1600ರ ನಂತರದ್ದು.)

ಆಗ ಪೋಪ್ ಆಗಿದ್ದ ಆರನೇ ಕ್ಲೆಮೆಂಟ್ ಅವರು ಫ್ರಾನ್ಸಿನ ಅವಿನ್ಯೋನ್ ಪಟ್ಟಣದಲ್ಲಿದ್ದರು. ಅವರ ವೈದ್ಯ ಗೀ ದ ಶೋಲಿಯಾಕ್, ಎರಡು ದೊಡ್ಡ ಬೆಂಕಿ ಹಾಕಿಸಿ ಅವುಗಳ ನಡುವೆ ಅವರನ್ನು ಕೂರಿಸಿದ ಎಂದು ಹೇಳುತ್ತಾರೆ. ಗಾಳಿ ಶುದ್ಧವಾಗಲಿ ಎಂಬುದು ಅವನ ಲೆಕ್ಕ. ಪೋಪ್ ಬದುಕಿದರು. ಗಾಳಿ ಶುದ್ಧವಾದದ್ದಕ್ಕಲ್ಲ. ಬೆಂಕಿಯ ಬಿಸಿಗೆ ಇಲಿ, ಚಿಗಟ ಹತ್ತಿರ ಬಂದಿರಲಾರವು, ಜನರೂ ದೂರ ನಿಂತಿರಬೇಕು. ಲೆಕ್ಕ ತಪ್ಪು, ಉತ್ತರ ಸರಿ! ಆ ವೈದ್ಯನನ್ನು ನಾವು ಗೌರವದಿಂದ ನೆನೆಯಬೇಕು. ಎಷ್ಟೋ ವೈದ್ಯರು ಊರು ಬಿಟ್ಟು ಓಡಿದಾಗ ಈತ ಅಲ್ಲೇ ಉಳಿದ. ತನಗೇ ಗಡ್ಡೆ ಎದ್ದರೂ ಬದುಕಿಕೊಂಡ, ಕಂಡದ್ದನ್ನು ಬರೆದಿಟ್ಟ.

ಸಾಲದ ಪತ್ರ ಮತ್ತು ಬೆಂಕಿ

ಇನ್ನೊಂದು ನಂಬಿಕೆ ಬೀದಿಯಲ್ಲಿ ಹುಟ್ಟಿತು. ಗ್ರಹದ ಮೇಲೆ ಸಿಟ್ಟು ತೀರಿಸಿಕೊಳ್ಳಲು ಆಗುವುದಿಲ್ಲ, ಪಕ್ಕದ ಮನೆಯವನ ಮೇಲೆ ಆಗುತ್ತದೆ. ಯೆಹೂದ್ಯರು ಬಾವಿಗಳಿಗೆ ವಿಷ ಹಾಕಿದ್ದಾರೆ, ಅದಕ್ಕೇ ಜನ ಸಾಯುತ್ತಿದ್ದಾರೆ ಎಂಬ ಸುದ್ದಿ 1348ರಲ್ಲಿ ಊರಿಂದ ಊರಿಗೆ ಹಬ್ಬಿತು. ಕೆಲವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟು 'ಹೌದು' ಅನ್ನಿಸಿಕೊಂಡರು. ಆ ತಪ್ಪೊಪ್ಪಿಗೆಯನ್ನು ಬರೆದು ಬೇರೆ ಪಟ್ಟಣಗಳಿಗೂ ಕಳಿಸಿದರು.

ಪೋಪ್ ಕ್ಲೆಮೆಂಟ್ 1348ರಲ್ಲೇ ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ಆಜ್ಞಾಪತ್ರ ಹೊರಡಿಸಿ, ಇದು ಸುಳ್ಳು, ಯಾರೂ ಅವರನ್ನು ಮುಟ್ಟಬಾರದು ಎಂದರು. ಅವರು ಕೊಟ್ಟ ಕಾರಣ ಬಹಳ ಸರಳವಾದದ್ದು. ಯೆಹೂದ್ಯರೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಯೆಹೂದ್ಯರೇ ಇಲ್ಲದ ನಾಡುಗಳಲ್ಲೂ ರೋಗ ಬಂದಿದೆ. ಇದಕ್ಕೆ ವೈದ್ಯಶಾಸ್ತ್ರ ಬೇಕಿಲ್ಲ, ಕಣ್ಣು ತೆರೆದು ನೋಡಿದರೆ ಸಾಕು.

ಆದರೂ ಜನ ಕೇಳಲಿಲ್ಲ. ಸ್ಟ್ರಾಸ್‌ಬರ್ಗ್ ಎಂಬ ಪಟ್ಟಣ, ಈಗ ಅದು ಫ್ರಾನ್ಸಿನಲ್ಲಿದೆ. ಅಲ್ಲಿನ ಆಡಳಿತ ಸಭೆಯವರು ಯೆಹೂದ್ಯರನ್ನು ಕಾಪಾಡಲು ನೋಡಿದರು. ಜನ ಸೇರಿ ಆ ಸಭೆಯನ್ನೇ ಇಳಿಸಿದರು. 1349ರ ಫೆಬ್ರವರಿ 14ರಂದು ನೂರಾರು ಯೆಹೂದ್ಯರನ್ನು ಅವರ ಸ್ಮಶಾನದಲ್ಲೇ ಬೆಂಕಿಗೆ ಹಾಕಿದರು. ಆ ದಿನ ಸ್ಟ್ರಾಸ್‌ಬರ್ಗ್‌ಗೆ ಪ್ಲೇಗ್ ಇನ್ನೂ ಬಂದೇ ಇರಲಿಲ್ಲ. ಬಂದದ್ದು ಆಮೇಲೆ. ಬೆಂಕಿಗೆ ಹಾಕಿದವರು ದೇವಾಲಯಕ್ಕೆ ಹೋಗುವ ಕ್ರೈಸ್ತರೇ. ಇದನ್ನು ಮುಚ್ಚಿಟ್ಟು ಪಾಠ ಮಾಡುವುದು ಸರಿಯಲ್ಲ.

ಸಾಲದ ಪುಸ್ತಕ ಇಡುವ ನಿಮಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಆ ಕಾಲದಲ್ಲಿ ಕ್ರೈಸ್ತರು ಬಡ್ಡಿಗೆ ಸಾಲ ಕೊಡುವುದನ್ನು ಧರ್ಮಸಭೆ ನಿಷೇಧಿಸಿತ್ತು. ಯೆಹೂದ್ಯರಿಗೆ ಎಷ್ಟೋ ಕಸುಬುಗಳ ಬಾಗಿಲು ಮುಚ್ಚಿತ್ತು. ಹಾಗಾಗಿ ಅವರಲ್ಲಿ ಅನೇಕರು ಲೇವಾದೇವಿ ಮಾಡುತ್ತಿದ್ದರು, ಊರಿನ ಬಹಳ ಜನ ಅವರಿಗೆ ಸಾಲಗಾರರು. ಅವರನ್ನು ಸುಟ್ಟ ಮೇಲೆ ಏನಾಯಿತು? ಸಾಲಗಳೆಲ್ಲ ವಜಾ ಆದವು. ಅಡವಿಟ್ಟ ವಸ್ತು, ಸಾಲದ ಪತ್ರ ಸಾಲಗಾರರ ಕೈಗೆ ವಾಪಸ್ ಬಂದವು. ಸಿಕ್ಕಿದ ನಗದನ್ನು ಪಟ್ಟಣದ ಕಸುಬುದಾರರಿಗೆ ಹಂಚಿದರು. ರೋಗದ ಭಯ ನಿಜವಾದದ್ದೇ, ಆದರೆ ಆ ಭಯದ ಕೆಳಗೆ ಇನ್ನೊಂದು ಲೆಕ್ಕವೂ ಇತ್ತು. ಇಂಥ ಸುದ್ದಿ ಹಬ್ಬುವಾಗ ಇದರಿಂದ ಯಾರಿಗೆ ಲಾಭ ಅಂತ ಕೇಳಿಕೊಳ್ಳುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ.

ತಪ್ಪು ಕಾರಣ, ಸರಿಯಾದ ಕೆಲಸ

ಎಲ್ಲರೂ ಹೀಗೆ ಇರಲಿಲ್ಲ. ಸ್ಪೇನಿನ ಗ್ರನಾಡಾದಲ್ಲಿ ಇಬ್ನ್ ಅಲ್-ಖತೀಬ್ ಎಂಬ ಮುಸ್ಲಿಂ ವಿದ್ವಾಂಸ ಜನರನ್ನೇ ಗಮನಿಸಿದ. ರೋಗಿಯನ್ನು ಮುಟ್ಟಿದವರು ಬೀಳುತ್ತಾರೆ, ದೂರ ಇದ್ದವರು ಉಳಿಯುತ್ತಾರೆ, ರೋಗಿಯ ಬಟ್ಟೆ, ಪಾತ್ರೆ, ಕಿವಿಯೋಲೆಯಿಂದಲೂ ಅಂಟುತ್ತದೆ ಎಂದು ಬರೆದ.

ಈಗಿನ ಕ್ರೊಯೇಷಿಯಾದ ಡುಬ್ರೋವ್ನಿಕ್ ಆಗ ರಗೂಸಾ ಎಂಬ ಬಂದರು. 1377ರಲ್ಲಿ ಅಲ್ಲಿಯ ಸಭೆ ಒಂದು ನಿಯಮ ಮಾಡಿತು. ರೋಗವಿರುವ ಊರಿನಿಂದ ಬಂದವರು ಒಂದು ತಿಂಗಳು ಹೊರಗೆ, ಹತ್ತಿರದ ದ್ವೀಪದಲ್ಲೋ ಪಕ್ಕದ ಊರಿನಲ್ಲೋ, ಇದ್ದು ಆಮೇಲೆ ಒಳಗೆ ಬರಬೇಕು. ಮುಂದೆ 30 ದಿನ 40 ಆಯಿತು. ಇಟಲಿಯವರ ನಲವತ್ತು ಎಂಬ ಪದದಿಂದಲೇ ಕ್ವಾರಂಟೈನ್ ಎಂಬ ಮಾತು ಬಂತು. 2020ರಲ್ಲಿ ಕೊರೊನಾ ಬಂದಾಗ ನಮ್ಮ ಹಳ್ಳಿಯ ಅಜ್ಜಿಯರ ಬಾಯಲ್ಲೂ ಓಡಾಡಿದ ಅದೇ ಮಾತು. ವೆನಿಸ್ ನಗರ 1423ರಲ್ಲಿ ಒಂದು ದ್ವೀಪದಲ್ಲಿ ಪ್ಲೇಗ್ ರೋಗಿಗಳಿಗೆಂದೇ ಆಸ್ಪತ್ರೆ ತೆರೆಯಿತು. ಕ್ರಿಮಿ ಎಂಬುದು ಒಂದಿದೆ ಅಂತ ಇವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದು ಗೊತ್ತಾಗಲು 500 ವರ್ಷ ಬೇಕಾಯಿತು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂದ್ರ್ ಯೆರ್ಸಿನ್ ಪ್ಲೇಗಿನ ಕ್ರಿಮಿಯನ್ನು ಕಂಡುಹಿಡಿದರು. ಅಷ್ಟರಲ್ಲೇ ರೋಗ ನಮ್ಮ ಕಡೆಗೂ ಬಂತು, 1896ರಲ್ಲಿ ಬೊಂಬಾಯಿಗೆ, 1898ರಲ್ಲಿ ಬೆಂಗಳೂರಿಗೆ. ಅದೇ 1898ರಲ್ಲಿ ಪೋಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ, ಇಲಿಯ ಮೈಮೇಲಿನ ಚಿಗಟ ಕಚ್ಚಿ ಇದು ಹರಡುತ್ತದೆ ಎಂದು ಕರಾಚಿಯಲ್ಲಿ ತೋರಿಸಿದರು. ಆದರೆ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮನೆ ಬಿಡಬೇಕು ಎಂದು ನಮ್ಮ ಹಳ್ಳಿಯ ಹಿರಿಯರಿಗೆ ಗೊತ್ತಿತ್ತು. ಅಮ್ಮನ ಸಿಟ್ಟು ಎಂದರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು, ಜೊತೆಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಜೀವ ಉಳಿಸಿದ್ದು ಆ ಗುಡಿಸಲು.

ಪ್ಲೇಗಿಗೆ ಲಸಿಕೆ ತಯಾರಿಸಿದವರು ವಾಲ್ಡೆಮರ್ ಹಾಫ್‌ಕಿನ್, ಬೊಂಬಾಯಿಯಲ್ಲಿ. 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡು ನೋಡಿದರು. 1898ರಲ್ಲಿ ಆ ಲಸಿಕೆಯನ್ನು ನಮ್ಮ ಹುಬ್ಬಳ್ಳಿ ಧಾರವಾಡದ ಜನರಿಗೂ ಹಾಕಿದರು. ಹಾಫ್‌ಕಿನ್ ಯೆಹೂದ್ಯರು! ಅವರೂ ಅಪವಾದ ತಪ್ಪಿಸಿಕೊಳ್ಳಲಿಲ್ಲ. 1902ರಲ್ಲಿ ಪಂಜಾಬಿನ ಒಂದು ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್‌ಕಿನ್ ಅವರದೇ ಎಂದು ಕೆಲಸದಿಂದ ತೆಗೆದರು. ಬಾಟಲಿ ಕೆಟ್ಟದ್ದು ಅವರ ಪ್ರಯೋಗಾಲಯದಲ್ಲಲ್ಲ, ಆ ಹಳ್ಳಿಯಲ್ಲಿ ಅದನ್ನು ತೆರೆಯುವಾಗ ಎಂದು ತಜ್ಞರು ವಾದಿಸಿ ಅವರ ಹೆಸರು ಶುದ್ಧವಾಗುವಷ್ಟರಲ್ಲಿ 1907 ಆಗಿತ್ತು. ಇವತ್ತು ಮುಂಬೈಯ ಆ ಸಂಸ್ಥೆಗೆ ಅವರದೇ ಹೆಸರಿದೆ.

ಮಾಸಿಕ ಸಭೆಯಲ್ಲಿ ಮಾತಾಡಲು

ನಿಮ್ಮ ಮನೆಯ ಹಿರಿಯರು ಪ್ಲೇಗು, ಸಿಡುಬು, ಕಾಲರಾ ಬಗ್ಗೆ ಏನು ಹೇಳುತ್ತಿದ್ದರು? ಆಗ ಮಾಡುತ್ತಿದ್ದ ಪದ್ಧತಿಗಳಲ್ಲಿ ಯಾವುದರಿಂದ ನಿಜವಾಗಿ ಉಪಯೋಗವಿತ್ತು, ಹೇಗೆ?

2020ರಲ್ಲಿ ಸರ್ವೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಕೆಲವು ಕಡೆ ಹಲ್ಲೆ ಆಯಿತು. ಇಂಥ ಸಮುದಾಯದವರೇ ಬೇಕಂತ ಹಬ್ಬಿಸುತ್ತಿದ್ದಾರೆ ಎಂಬ ಮಾತೂ ಮೊಬೈಲಿನಲ್ಲಿ ಓಡಾಡಿತು. ನಿಮ್ಮ ಊರಿನಲ್ಲಿ ಆಗ ಯಾರನ್ನು ದೂರಿದರು? ಸಂಘದಿಂದ ಯಾರಾದರೂ ಅವರ ಮನೆಗೆ ಹೋಗಿದ್ದರೇ?

ಪೋಪ್ ಕ್ಲೆಮೆಂಟ್ ಅವರು ತೋರಿಸಿದ ಹಾಗೆ, ಇಂಥ ಸುದ್ದಿ ಸುಳ್ಳು ಎಂದು ತಿಳಿಯಲು ಕೇಳಬಹುದಾದ ಸರಳ ಪ್ರಶ್ನೆಗಳು ಯಾವುವು? ಎರಡಾದರೂ ಬರೆದು ಮುಂದಿನ ಸಭೆಗೆ ತನ್ನಿ.