ಉಪಗ್ರಹ ಚಿತ್ರದಲ್ಲಿ ಹೊಗೆ: ಕಂಡದ್ದು ಮತ್ತು ಊಹಿಸಿದ್ದು (ಪಾಠಯೋಜನೆ)

ತರಗತಿ: 9. ವಿಷಯ: ವಿಜ್ಞಾನ. ಅವಧಿ: 40 ನಿಮಿಷ

ಕಲಿಕಾ ಉದ್ದೇಶ: ಉಪಗ್ರಹ ಚಿತ್ರದಲ್ಲಿ ಕಂಡದ್ದು ಯಾವುದು, ಅದರಿಂದ ಊಹಿಸಿದ್ದು ಯಾವುದು ಎಂಬುದನ್ನು ವಿದ್ಯಾರ್ಥಿಗಳು ಬೇರ್ಪಡಿಸಿ ಹೇಳುವರು.

ಬೋಧನೋಪಕರಣಗಳು: ನವೆಂಬರ್ ಮೊದಲ ವಾರದ ಪಂಜಾಬ್–ದೆಹಲಿ ಪ್ರದೇಶದ ಚಿತ್ರ (ನಾಸಾದ ವರ್ಲ್ಡ್‌ವ್ಯೂ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ), ನೇರ ಗೋಡೆಯ ಒಂದೇ ಅಳತೆಯ ಎರಡು ಗಾಜಿನ ಲೋಟಗಳು, ನೀರು, ಹಾಲು, ಡ್ರಾಪರ್, ದಪ್ಪ ಕಪ್ಪು ಅಕ್ಷರ ಬರೆದ ಎರಡು ಹಾಳೆಗಳು.

ಪೀಠಿಕೆ (8 ನಿಮಿಷ): ಚಿತ್ರ ತೋರಿಸಿ "ಏನು ಕಾಣುತ್ತಿದೆ?" ಎಂದಷ್ಟೇ ಕೇಳಬೇಕು. "ಹೊಗೆ ಎಲ್ಲಿದೆ?" ಎಂದು ಕೇಳಿದರೆ ಉತ್ತರವನ್ನು ನಾವೇ ಕೊಟ್ಟಂತಾಗುತ್ತದೆ. ದಟ್ಟ ಮೋಡ ಅಚ್ಚ ಬಿಳಿ; ಅದರ ಕೆಳಗಿನ ನೆಲ ಕಾಣದು. ಹೊಗೆ ಬೂದು-ಕಂದು, ತೆಳುವಾಗಿರುವಲ್ಲಿ ನೆಲ ಮಸುಕಾಗಿ ಕಾಣುತ್ತದೆ. ಕೆಂಪು ಚುಕ್ಕೆಗಳು ಬೆಂಕಿಯ ಛಾಯಾಚಿತ್ರವಲ್ಲ. ಸುತ್ತಲಿಗಿಂತ ಹೆಚ್ಚು ಬಿಸಿಯಾಗಿದೆಯೆಂದು ಉಪಕರಣ ಗುರುತಿಸಿದ ಜಾಗಗಳು.

ಚಟುವಟಿಕೆ (15 ನಿಮಿಷ): ಒಂದು ಲೋಟಕ್ಕೆ 4 ಸೆಂ.ಮೀ., ಇನ್ನೊಂದಕ್ಕೆ 12 ಸೆಂ.ಮೀ. ಎತ್ತರ ನೀರು ತುಂಬಿಸಿ, ಎರಡಕ್ಕೂ ಸಮಸಂಖ್ಯೆಯ ಹಾಲಿನ ಹನಿ ಹಾಕಿ ಕಲಕಬೇಕು. ಲೋಟಗಳನ್ನು ಅಕ್ಷರದ ಮೇಲಿಟ್ಟು ಮೊದಲು ಮೇಲಿನಿಂದ ನೋಡಿಸಬೇಕು: ಎರಡರಲ್ಲೂ ಅಕ್ಷರ ಹೆಚ್ಚುಕಡಿಮೆ ಒಂದೇ ರೀತಿ ಮಸುಕಾಗಿರುತ್ತದೆ. ಆಮೇಲೆ ಪಕ್ಕದಿಂದ ನೋಡಿಸಬೇಕು: ಕಡಿಮೆ ನೀರಿನ ಲೋಟವೇ ಹೆಚ್ಚು ಬೆಳ್ಳಗೆ! ಎಷ್ಟು ಹನಿ ಸಾಕೆಂಬುದನ್ನು ಹಿಂದಿನ ದಿನವೇ ಪರೀಕ್ಷಿಸಿಕೊಳ್ಳುವುದು ಒಳಿತು.

ವಿವರಣೆ (10 ನಿಮಿಷ): ಉಪಗ್ರಹ ನೋಡುವುದು ಮೇಲಿನಿಂದ. ಗಾಳಿಯ ಇಡೀ ಕಂಬದಲ್ಲಿರುವ ಕಣಗಳು ಬೆಳಕನ್ನು ಎಷ್ಟು ತಡೆದವು ಎಂಬುದು ಅದಕ್ಕೆ ತಿಳಿಯುತ್ತದೆ. ಈ ಅಳತೆಗೆ ಏರೋಸಾಲ್ ಆಪ್ಟಿಕಲ್ ಡೆಪ್ತ್ ಎಂದು ಹೆಸರು. ನಾವು ಉಸಿರಾಡುವುದು ಕಂಬದ ತಳದ ಗಾಳಿಯನ್ನು. ಚಳಿಗಾಲದಲ್ಲಿ ನೆಲದ ಗಾಳಿ ಹೆಚ್ಚು ಎತ್ತರಕ್ಕೆ ಬೆರೆಯದು; ಅದು ಕಡಿಮೆ ನೀರಿನ ಲೋಟದಂತೆ. ಆದ್ದರಿಂದ ಪಿಎಂ 2.5 ತಿಳಿಯಲು ಚಿತ್ರದ ಜೊತೆಗೆ ನೆಲದ ಮಾಪಕವೂ ಬೇಕು. ಭಾರತದಲ್ಲಿ ಇದರ 24 ಗಂಟೆಗಳ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ.

ಮೌಲ್ಯಮಾಪನ (7 ನಿಮಿಷ):
1. 2011ರಲ್ಲಿ ಹಾರಿಸಿದ ಸುವೋಮಿ ಎನ್‌ಪಿಪಿ ಉಪಗ್ರಹ ಹಗಲಿನಲ್ಲಿ ಸುಮಾರು 1.30ಕ್ಕೆ ಹಾದುಹೋಗುತ್ತದೆ. ಸಂಜೆ 4ಕ್ಕೆ ಹಚ್ಚಿ 5ಕ್ಕೆ ಆರಿದ ಕೂಳೆಯ ಬೆಂಕಿ ಅದಕ್ಕೆ ಕಾಣುವುದೇ?
2. "ಚುಕ್ಕೆಗಳು ಕಡಿಮೆಯಾದವು, ಆದ್ದರಿಂದ ಸುಡುವುದು ಕಡಿಮೆಯಾಯಿತು." ಈ ತೀರ್ಮಾನಕ್ಕೆ ಮುನ್ನ ಇನ್ನೇನನ್ನು ಪರಿಶೀಲಿಸಬೇಕು? (ಸುಡುವ ಹೊತ್ತು, ಮೋಡ, ಬೆಂಕಿಯ ಗಾತ್ರ.)

ವೀಕ್ಷಕರ ಗಮನಕ್ಕೆ: ತರಗತಿ "ರೈತರೇ ತಪ್ಪಿತಸ್ಥರು" ಎಂಬಲ್ಲಿಗೆ ಜಾರುವ ಸಂಭವವಿದೆ. ಅಂತರ್ಜಲ ಉಳಿಸಲು ಪಂಜಾಬ್ 2009ರ ಕಾನೂನಿನಿಂದ ಭತ್ತದ ನಾಟಿಯನ್ನು ಮುಂದೂಡಿತು. ಕೊಯ್ಲೂ ತಡವಾಗಿ, ಗೋಧಿ ಬಿತ್ತುವ ಮುನ್ನ ಸಿಗುವ ಬಿಡುವು ಕುಗ್ಗಿತು. ಇದು ಯಾವ ಚಿತ್ರದಲ್ಲೂ ಕಾಣದು. ಚಿತ್ರ ಹೇಳದ್ದನ್ನು ಚಿತ್ರದ ಬಾಯಿಂದ ಹೇಳಿಸಬಾರದೆಂದು ಮಕ್ಕಳು ಅರಿತರೆ ಪಾಠ ಸಾರ್ಥಕ.